ಪರಿಮಳವೇ ಪೀಡೆಯಾದಾಗ

ಸುಗಂಧವನ್ನು ಸಂಪತ್ತೆಂದು ಬಗೆದ ಜನರಲ್ಲಿ ಕನ್ನಡಿಗರಿಗೆ ಹಿರಿಯ ಸ್ಥಾನವುಂಟು. ಶ್ರೀಗಂಧ, ಮೈಸೂರು ಮಲ್ಲಿಗೆ, ಊದುಬತ್ತಿ ಇವು ನಾಡಿನ ಹೆಸರನ್ನು ಕಡಲಾಚೆಗೂ ಕೊಂಡೊಯ್ದಿವೆ. ಮೈಸೂರು ಅಗರಬತ್ತಿಗೆ 2005ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆಯೂ ದೊರೆಯಿತು. ಉದ್ಯೋಗವನ್ನರಸಿ ಕನ್ನಡಿಗರು ಬಂದು ನೆಲೆಸಿದ ಹೈದರಾಬಾದು ಸಹ ಪರಿಮಳಕ್ಕೆ ಕಡಿಮೆಯಾದ ಊರಲ್ಲ. ಚಾರ್‌ಮಿನಾರಿನ ಸುತ್ತಲಿನ ಅತ್ತರಿನ ಅಂಗಡಿಗಳು, ಗುಡಿಮಲ್ಕಾಪುರದ ಹೂವಿನ ಮಾರುಕಟ್ಟೆ, ಬೇಗಂ ಬಜಾರಿನ ಮಸಾಲೆಯ ಗಲ್ಲಿಗಳು ಇವನ್ನು ಕಣ್ಣು ಮುಚ್ಚಿಕೊಂಡೇ ಗುರುತಿಸಬಹುದು. ಇಂಥ ಜನರ ನಡುವೆ, ಇಂಥ ನಗರದಲ್ಲಿ, “ಊದುಬತ್ತಿ ಹಚ್ಚಬೇಡಿ, ತಲೆ ಸಿಡಿಯುತ್ತದೆ” ಎನ್ನುವವರ ಮಾತಿಗೆ ಕಿವಿಗೊಡುವವರು ವಿರಳ. ಆ ಮಾತನ್ನು ಸೋಗೆಂದೋ ನಾಜೂಕುತನವೆಂದೋ ತಳ್ಳಿಹಾಕುವುದೇ ವಾಡಿಕೆ. ಈ ವಾಡಿಕೆ ಅನ್ಯಾಯದ್ದು ಮಾತ್ರವಲ್ಲ, ಆರೋಗ್ಯಕ್ಕೆ ಹಾನಿಕರವೂ ಹೌದು.

ಅರೆತಲೆನೋವು ಹೊಸ ಕಾಲದ ಕಾಯಿಲೆಯಲ್ಲ. ಚರಕ, ಸುಶ್ರುತ ಸಂಹಿತೆಗಳು ‘ಅರ್ಧಾವಭೇದಕ’ವೆಂಬ ಹೆಸರಿನಲ್ಲಿ ಇಂಥದೇ ಬೇನೆಯನ್ನು ಶಿರೋರೋಗಗಳ ಸಾಲಿನಲ್ಲಿ ವಿವರಿಸಿವೆ. ಇಂದು ‘ಮೈಗ್ರೇನ್’ ಎಂದು ಕರೆಯಲ್ಪಡುವ ಈ ವ್ಯಾಧಿ ಲೋಕದಲ್ಲಿ ಸರಿಸುಮಾರು ಏಳು ಮಂದಿಗೆ ಒಬ್ಬರನ್ನು ಬಾಧಿಸುತ್ತದೆ. ಪುರುಷರಿಗಿಂತ ಸ್ತ್ರೀಯರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು. ಕರ್ನಾಟಕದ ಲೆಕ್ಕವಂತೂ ಇನ್ನೂ ಗಂಭೀರವಾದುದು. ಬೆಂಗಳೂರು ನಗರದಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ 2329 ಮಂದಿಯನ್ನು ಮನೆಮನೆಗೆ ಹೋಗಿ ವಿಚಾರಿಸಿ, ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಇತರ ತಜ್ಞರೊಡಗೂಡಿ ನಡೆಸಿದ ಸಮೀಕ್ಷೆಯೊಂದು 2015ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಒಂದು ವರ್ಷದ ಅವಧಿಯಲ್ಲಿ ಮೈಗ್ರೇನಿಗೆ ತುತ್ತಾದವರು ಶೇಕಡಾ 25.2. ಎಂದರೆ ನಾಲ್ವರು ಕುಳಿತ ಪಂಕ್ತಿಯಲ್ಲಿ ಒಬ್ಬರಿಗೆ ಈ ಬಾಧೆ ಇರಬಹುದು. ಅವರೆಲ್ಲರಿಗೂ ವಾಸನೆ ಆಗದೆಂದಲ್ಲ. ಆದರೆ ಬೆಳಕು ಮತ್ತು ಸದ್ದುಗಳಂತೆ ವಾಸನೆಯನ್ನೂ ಸಹಿಸಲಾರದವರು ಅವರಲ್ಲಿ ಬಹಳ ಮಂದಿ. ತಲೆನೋವನ್ನು ಕೆರಳಿಸುವ ವಾಸನೆ ಯಾವುದೆಂದು ಕೇಳಿದಾಗ ರೋಗಿಗಳು ಮೊದಲು ಹೇಳುವುದು ಸುಗಂಧದ್ರವ್ಯಗಳನ್ನೇ. ಆಮೇಲೆ ಬಣ್ಣ, ಪೆಟ್ರೋಲು, ಸಿಗರೇಟಿನ ಹೊಗೆ ಇತ್ಯಾದಿ.

ಮೂಗಿಗೂ ತಲೆಶೂಲೆಗೂ ಏನು ನಂಟು ಎಂಬ ಪ್ರಶ್ನೆ ಸಹಜವಾದುದು. ಪರಿಮಳವನ್ನು ಗುರುತಿಸುವುದು ಘ್ರಾಣನರದ ಕೆಲಸ. ಆದರೆ ಮೂಗಿನ ಒಳಪದರದಲ್ಲಿ ಇನ್ನೊಂದು ನರದ ತುದಿಗಳೂ ಹರಡಿಕೊಂಡಿವೆ. ಮೆಣಸಿನ ಘಾಟು, ಅಮೋನಿಯದ ಚುರುಕು, ಕರ್ಪೂರದ ತಂಪು ಇವು ಅರಿವಿಗೆ ಬರುವುದು ಈ ನರದಿಂದ. ಇದು ಟ್ರೈಜೆಮಿನಲ್ ಎಂಬ ಐದನೆಯ ಕಪಾಲನರ. ಮೆದುಳಿನ ಹೊದಿಕೆಗೆ ನೋವಿನ ಅರಿವನ್ನು ನೀಡುವುದೂ ಇದೇ ನರ. ಮೈಗ್ರೇನಿನ ನೋವು ಸಾಗುವ ಹಾದಿಯೂ ಇದೇ. ಕ್ಯಾಲಿಫೋರ್ನಿಯದಲ್ಲಿ ಬೆಳೆಯುವ ಒಂದು ಬಗೆಯ ಮರವನ್ನು ಅಲ್ಲಿಯ ಜನ ‘ತಲೆನೋವಿನ ಮರ’ವೆಂದೇ ಕರೆಯುತ್ತಾರೆ. ಅದರ ಎಲೆಯ ವಾಸನೆಯಲ್ಲಿರುವ ಅಂಬೆಲುಲೋನ್ ಎಂಬ ವಸ್ತು ಈ ನರದ ತುದಿಗಳನ್ನು ಕೆರಳಿಸಿ, ಮೈಗ್ರೇನಿನಲ್ಲಿ ಮುಖ್ಯ ಪಾತ್ರ ವಹಿಸುವ ಸಿ.ಜಿ.ಆರ್.ಪಿ. ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡಿಸುತ್ತದೆಂದು ಪ್ರಯೋಗಗಳಿಂದ 2012ರಲ್ಲಿ ತೋರಿಸಲಾಯಿತು. ವಾಸನೆಯಿಂದ ತಲೆನೋವು ಬರುವುದು ಕೇವಲ ಮನಸ್ಸಿನ ಭ್ರಮೆ ಎಂಬ ವಾದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಮೈಗ್ರೇನಿನ ನೋವು ಕಾಣಿಸಿಕೊಳ್ಳುವ ಕೆಲವು ಗಂಟೆಗಳ ಮೊದಲೇ ಮೆದುಳು ಕೆರಳಿರುತ್ತದೆ. ಆಕಳಿಕೆ, ಕುತ್ತಿಗೆಯ ಬಿಗಿತ, ಮನಸ್ಸಿನ ಬೇಸರಗಳಂತೆ ವಾಸನೆ ತೀಕ್ಷ್ಣವಾಗಿ ತಾಗುವುದೂ ಆಗ ಒಂದು ಮುನ್ಸೂಚನೆಯಾಗಬಹುದು. ಆದುದರಿಂದ ಊದುಬತ್ತಿಯಿಂದ ನೋವು ಬಂದಿತೋ, ಬರಲಿದ್ದ ನೋವಿನಿಂದ ಊದುಬತ್ತಿ ಅಸಹ್ಯವಾಯಿತೋ ಎಂಬುದನ್ನು ಪ್ರತಿ ಸಲವೂ ಹೇಳುವುದು ಕಷ್ಟ. ಎರಡರಲ್ಲಿ ಯಾವುದೇ ಆಗಲಿ, ರೋಗಿಯ ಅನುಭವ ಸುಳ್ಳಾಗುವುದಿಲ್ಲ. ಸಾಮಾನ್ಯ ಬಿಗಿತದ ತಲೆನೋವಿನಲ್ಲಿ ವಾಸನೆಯ ಅಸಹನೆ ಅಪರೂಪವಾದುದರಿಂದ, ಈ ಲಕ್ಷಣ ರೋಗನಿರ್ಣಯಕ್ಕೂ ವೈದ್ಯರಿಗೆ ನೆರವಾಗುತ್ತದೆ.

ಊರಿನ ತೊಟ್ಟಿಮನೆಯಲ್ಲಿ ದೇವರ ಮನೆಯ ಧೂಪ ಸಾಲದೆನಿಸಿದರೆ ಹಿತ್ತಿಲಿಗೆ ಹೋಗಿ ಕೂರಬಹುದಾಗಿತ್ತು. ಮಹಾನಗರದ ಎರಡು ಕೋಣೆಯ ವಸತಿಯಲ್ಲಿ ಆ ಅನುಕೂಲವಿಲ್ಲ. ಪಕ್ಕದ ಮನೆಯ ಒಗ್ಗರಣೆ, ಮೆಟ್ಟಿಲಿನ ಫಿನಾಯಿಲು, ಮೇಲಿನ ಅಂತಸ್ತಿನ ಗೃಹಪ್ರವೇಶದ ಹೋಮದ ಹೊಗೆ ಎಲ್ಲವೂ ಒಂದೇ ಗಾಳಿಗೆ ಸೇರುತ್ತವೆ. ಕಿಟಕಿ ಮುಚ್ಚಿದ ಕಾರಿನಲ್ಲಿ ತೂಗುವ ಸುಗಂಧದ ಡಬ್ಬಿ, ಹವಾನಿಯಂತ್ರಿತ ಕಚೇರಿಯಲ್ಲಿ ಸಹೋದ್ಯೋಗಿಯ ಸೆಂಟು ಇವುಗಳಿಂದ ತಪ್ಪಿಸಿಕೊಳ್ಳುವ ದಾರಿಯಿಲ್ಲ. ನಗರದ ಅಂಚಿನ ಕೈಗಾರಿಕಾ ಪ್ರದೇಶಗಳ ಸಮಸ್ಯೆ ಇನ್ನೂ ದೊಡ್ಡದು. ಪಟಾನ್‌ಚೆರು, ಬೊಲ್ಲಾರಂಗಳ ಮಾಲಿನ್ಯದ ಬಗೆಗೆ 1990ರಲ್ಲಿಯೇ ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಬೇಕಾಯಿತು. ಅಂಥ ವಾಸನೆಯನ್ನು ಒಬ್ಬ ವ್ಯಕ್ತಿ ತಡೆಯಲಾರ. ಆದರೆ ಮನೆ, ಕಚೇರಿ, ಸಭಾಂಗಣಗಳ ವಾಸನೆಯನ್ನು ಜನರೇ ತಡೆಯಬಲ್ಲರು.

ನಂಬಿಕೆ ದೊರೆಯದ ರೋಗಿ ಮಾಡುವುದೇನು? ಹಬ್ಬದ ದಿನ ಅತ್ತೆಯವರ ಮುಂದೆ ಮುಖ ಸಿಂಡರಿಸಲಾಗದೆ, ಸೊಸೆ ಒಂದು ಮಾತ್ರೆ ನುಂಗಿ ಅಡುಗೆಮನೆಗೆ ಹೋಗುತ್ತಾಳೆ. ಮರುದಿನ ಇನ್ನೊಂದು. ಅಪಾಯವಿರುವುದು ಇಲ್ಲಿಯೇ. ಸಾಧಾರಣ ನೋವಿನ ಮಾತ್ರೆಗಳನ್ನು ತಿಂಗಳಲ್ಲಿ 15 ದಿನ ಅಥವಾ ಅದಕ್ಕಿಂತ ಹೆಚ್ಚು, ಕೆಫೀನು ಮೊದಲಾದುವನ್ನು ಬೆರೆಸಿದ ಮಿಶ್ರ ಮಾತ್ರೆಗಳನ್ನು ಅಥವಾ ಟ್ರಿಪ್ಟಾನುಗಳನ್ನು 10 ದಿನ ಅಥವಾ ಅದಕ್ಕಿಂತ ಹೆಚ್ಚು, ಮೂರು ತಿಂಗಳಿಗೂ ಮಿಕ್ಕಿ ಸೇವಿಸಿದರೆ ಆ ಮಾತ್ರೆಗಳೇ ಹೊಸ ತಲೆನೋವಿಗೆ ಕಾರಣವಾಗಬಹುದು. ಆರಿಸಬೇಕಾದ ಊದುಬತ್ತಿಯನ್ನು ಆರಿಸದೆ ಮಾತ್ರೆ ನುಂಗುವುದು ಬೇಲಿಯೇ ಎದ್ದು ಹೊಲ ಮೇಯ್ದಂತೆ.

“ಧೂಪ ದೀಪಗಳಿಲ್ಲದ ಪೂಜೆಯುಂಟೆ? ಒಬ್ಬರಿಗಾಗಿ ಎಲ್ಲರೂ ಪರಿಮಳವನ್ನು ಬಿಡಬೇಕೆ?” ಎಂದು ಹಿರಿಯರು ಕೇಳಬಹುದು. ಪ್ರಶ್ನೆ ತಪ್ಪಲ್ಲ. ಒಬ್ಬರ ಪೀಡೆ ಇನ್ನೊಬ್ಬರ ಸಾಂತ್ವನವೂ ಆಗಬಲ್ಲದು. 1920ರಿಂದ ಹೈದರಾಬಾದಿನಲ್ಲಿ ತಯಾರಾಗುತ್ತಿರುವ ‘ಜಿಂದಾ ತಿಲಿಸ್ಮಾತ್’ನ ನೀಲಗಿರಿ ಎಣ್ಣೆಯ ಘಾಟನ್ನು ನೆಗಡಿ ತಲೆನೋವುಗಳಿಗೆ ಮದ್ದೆಂದು ನಂಬಿದ ಮನೆಗಳು ಅಸಂಖ್ಯ, ಅದೇ ಘಾಟಿಗೆ ಹಣೆ ಹಿಡಿದು ಕೂರುವವರೂ ಇರಬಹುದು. ಆದ್ದರಿಂದ ಬೇಕಾಗಿರುವುದು ನಿಷೇಧವಲ್ಲ, ಹೊಂದಾಣಿಕೆ. ತುಪ್ಪದ ದೀಪದಿಂದಲೂ ಪೂಜೆ ಸಾಂಗವಾಗುತ್ತದೆ. ಧೂಪವನ್ನು ಕಿಟಕಿಯ ಬಳಿ, ಕೆಲವೇ ನಿಮಿಷ ಹಚ್ಚಬಹುದು. ಅಮೆರಿಕದ ಡೆಟ್ರಾಯಿಟ್ ನಗರಾಡಳಿತದ ನೌಕರರೊಬ್ಬರು ಸಹೋದ್ಯೋಗಿಯ ಸುಗಂಧದಿಂದ ತೊಂದರೆಯಾಯಿತೆಂದು ಹೂಡಿದ ದಾವೆ 2010ರಲ್ಲಿ ಒಂದು ಲಕ್ಷ ಡಾಲರುಗಳ ರಾಜಿಯಲ್ಲಿ ಮುಗಿಯಿತು. ಕಚೇರಿಗೆ ಸುಗಂಧ ಪೂಸಿಕೊಂಡು ಬರಬಾರದೆಂದು ನೌಕರರಿಗೆ ಸೂಚನೆಯೂ ಹೊರಟಿತು. ಕನ್ನಡಿಗರ ನಡುವೆ ನ್ಯಾಯಾಲಯದ ಮಾತೇ ಬೇಕಿಲ್ಲ. ಒಂದಿಷ್ಟು ದಾಕ್ಷಿಣ್ಯ ಸಾಕು.

ರೋಗಿಯ ಪಾಲಿನ ಕರ್ತವ್ಯವೂ ಇದೆ. ನೋವು ಬಂದ ದಿನ, ವೇಳೆ, ಹಿಂದಿನ ರಾತ್ರಿಯ ನಿದ್ರೆ, ಊಟ, ತಾಗಿದ ವಾಸನೆ, ಸ್ತ್ರೀಯರಾದರೆ ಮುಟ್ಟಿನ ದಿನ, ನುಂಗಿದ ಮಾತ್ರೆ ಇವನ್ನು ಎರಡು ಮೂರು ತಿಂಗಳು ಪುಸ್ತಕದಲ್ಲಿ ಗುರುತಿಸಿಟ್ಟರೆ ನಿಜವಾದ ಶತ್ರು ಯಾವುದೆಂದು ತಿಳಿಯುತ್ತದೆ. ನಿದ್ರೆಗೆಟ್ಟು, ಉಪವಾಸವಿದ್ದ ದಿನವೇ ವಾಸನೆ ಹೆಚ್ಚು ಕಾಡುವುದನ್ನು ಹಲವರು ಕಾಣುವರು. ಕಂಡ ಕಂಡ ವಾಸನೆಗೆಲ್ಲ ಅಂಜಿ ಮನೆಯೊಳಗೇ ಕೂರುವುದೂ ತರವಲ್ಲ. ಬಾಧೆ ಪದೇ ಪದೇ ಬರುತ್ತಿದ್ದರೆ ಅದನ್ನು ಮುಂಚಿತವಾಗಿ ತಡೆಯುವ ಔಷಧಿಗಳಿವೆ. ಅವನ್ನು ಆರಿಸಬೇಕಾದವರು ವೈದ್ಯರು. ಸಿಡಿಲೆರಗಿದಂತೆ ಹಠಾತ್ತನೆ ಬಂದ ತಲೆನೋವು, ಜ್ವರ ಮತ್ತು ಕುತ್ತಿಗೆಯ ಬಿಗಿತದೊಡನೆ ಬಂದದ್ದು, ಕೈಕಾಲಿನ ಬಲ ಅಥವಾ ಮಾತು ಕುಗ್ಗಿದ್ದು, ಐವತ್ತು ದಾಟಿದ ಮೇಲೆ ಮೊದಲ ಸಲ ಕಾಣಿಸಿಕೊಂಡದ್ದು, ಇಲ್ಲದ ವಾಸನೆ ಮೂಗಿಗೆ ಬಡಿಯುವುದು ಇವುಗಳಲ್ಲಿ ಯಾವುದಿದ್ದರೂ ಮನೆಮದ್ದಿನಲ್ಲಿ ಕಾಲ ಕಳೆಯಬಾರದು.

ಕನ್ನಡ ಸಂಘಗಳು ಪರಸ್ಥಳದಲ್ಲಿ ಹುಟ್ಟಿದುದೇ ಒಬ್ಬರ ಕಷ್ಟಕ್ಕೆ ಇನ್ನೊಬ್ಬರು ಒದಗಲೆಂದು. ರಾಜ್ಯೋತ್ಸವದ ಸಭಾಂಗಣದ ಬಾಗಿಲಲ್ಲಿ ಪನ್ನೀರು ಎರಚುವ ಮುನ್ನ “ಆಗಬಹುದೆ?” ಎಂದು ಕೇಳುವುದು, ವೇದಿಕೆಯ ಊದುಬತ್ತಿಯನ್ನು ಪ್ರಾರ್ಥನೆ ಮುಗಿದೊಡನೆ ಹೊರಗಿಡುವುದು, ಬಾಗಿಲ ಬಳಿ ಗಾಳಿಯಾಡುವ ಒಂದು ಸಾಲನ್ನು ಬೇಕಾದವರಿಗಾಗಿ ಬಿಡುವುದು, ಆಮಂತ್ರಣ ಪತ್ರಿಕೆಯಲ್ಲಿ ಅತ್ತರು ಸೆಂಟುಗಳು ಮಿತವಾಗಿರಲೆಂದು ಒಂದು ಸಾಲು ಅಚ್ಚು ಹಾಕಿಸುವುದು ಇವುಗಳಿಗೆ ಚಿಕ್ಕಾಸಿನ ಖರ್ಚೂ ಇಲ್ಲ. ತಲೆನೋವಿನ ಭಯದಿಂದ ವರ್ಷಗಟ್ಟಲೆ ಸಮಾರಂಭಗಳಿಗೆ ಬಾರದೆ ಉಳಿದ ಅಕ್ಕತಂಗಿಯರು, ಅಣ್ಣತಮ್ಮಂದಿರು ಇದರಿಂದ ಮತ್ತೆ ಬಂದು ಕುಳಿತು, ಕಾರ್ಯಕ್ರಮವನ್ನು ಕಡೆಯವರೆಗೂ ನೋಡಿ ಹೋಗುವಂತಾದರೆ, ಸಂಘದ ಹೆಸರಿಗೆ ಅದಕ್ಕಿಂತ ಹಿರಿದಾದ ಪರಿಮಳ ಬೇರೊಂದಿಲ್ಲ.