ಪೆಟ್ಟಿಗೆಯ ಉಲ್ಲನ್ ಯಾರದು?

ಬೀರುವಿನಲ್ಲಿ, ಮಂಚದ ಕೆಳಗೆ, ಅಟ್ಟದ ಮೇಲೆ ಉಲ್ಲನ್ ತುಂಬಿದ ಪೆಟ್ಟಿಗೆಗಳಿವೆ. ಆದರೂ ಸ್ವೆಟರ್ ಹೆಣೆಯುವ ಹೆಂಗಸೊಬ್ಬಳು ಅದಲು ಬದಲಿನ ಮಾರಾಟಕ್ಕೆ ಹೋಗಿ ಇನ್ನೊಂದು ಚೀಲ ಉಲ್ಲನ್ ತರುತ್ತಾಳೆ. ಇದನ್ನು ಏನೆನ್ನಬೇಕು? ಮನೆಯವರು ದುರಾಸೆ ಎನ್ನುತ್ತಾರೆ. ಪರಿಸರದ ಕಾಳಜಿಯುಳ್ಳವರು, ಹೊಸದನ್ನು ಕೊಳ್ಳಲಿಲ್ಲವಲ್ಲ, ಅಷ್ಟರಮಟ್ಟಿಗೆ ಒಳ್ಳೆಯದೇ ಆಯಿತು ಎನ್ನುತ್ತಾರೆ. ಎರಡು ಮಾತೂ ನನಗೆ ಒಪ್ಪಿಗೆಯಿಲ್ಲ. ಅವಳು ಮಾಡಿದ್ದು ಸರಿ ಎಂದೇ ನನ್ನ ವಾದ. ಆದರೆ ಅದು ಸರಿಯಾಗುವುದು ಬೇರೊಂದು ಕಾರಣಕ್ಕೆ, ಅದೂ ಒಂದು ಷರತ್ತಿನ ಮೇಲೆ.

ಅಮೆರಿಕ, ಕೆನಡಾ, ಇಂಗ್ಲೆಂಡಿನ ಹೆಣಿಗೆ ಸಂಘಗಳಲ್ಲಿ ಇಂಥ ಮಾರಾಟ ರೂಢಿಯಲ್ಲಿದೆ. ಚರ್ಚಿನ ಹಾಲಿನಲ್ಲೋ ಊರಿನ ಲೈಬ್ರರಿಯ ಕೋಣೆಯಲ್ಲೋ ಉದ್ದನೆಯ ಮೇಜುಗಳನ್ನು ಜೋಡಿಸುತ್ತಾರೆ. ಸದಸ್ಯರು ತಮಗೆ ಬೇಡವಾದ ಉಲ್ಲನ್, ಕಡ್ಡಿ, ವಿನ್ಯಾಸದ ಪುಸ್ತಕಗಳನ್ನು ತಂದು ಹರಡುತ್ತಾರೆ. ಕೆಲವು ಕಡೆ ತಂದಷ್ಟಕ್ಕೆ ಚೀಟಿ ಕೊಡುತ್ತಾರೆ. ಆ ಚೀಟಿಗೆ ಬೇರೆಯವರದನ್ನು ಆರಿಸಿಕೊಳ್ಳಬಹುದು. ಇನ್ನು ಕೆಲವು ಕಡೆ ಅಂಗಡಿ ಬೆಲೆಗಿಂತ ಎಷ್ಟೋ ಕಡಿಮೆ ದುಡ್ಡಿಗೆ ಕೊಳ್ಳಬಹುದು. ಕೊನೆಗೆ ಉಳಿದದ್ದು ಆಸ್ಪತ್ರೆಯ ಎಳೆಕೂಸುಗಳ ಟೋಪಿಗೋ ದಾನದ ಹೊದಿಕೆಗೋ ಹೋಗುತ್ತದೆ.

ಕೂಡಿಡುವ ಅಭ್ಯಾಸವನ್ನು ಬರೀ ಚಪಲ ಎಂದು ತಳ್ಳಿಹಾಕುವವರು ಅದರ ಹಿಂದಿನ ಬಡತನವನ್ನು ಮರೆತಿರುತ್ತಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರ ಜೂನ್ 1ರಿಂದ, ಬ್ರಿಟನ್ನಿನಲ್ಲಿ ಬಟ್ಟೆಗೆ ರೇಷನ್ ಬಂತು. ಹೆಣೆಯುವ ಉಲ್ಲನ್ನಿಗೂ ಕೂಪನ್ ಕೊಡಬೇಕಾಗಿತ್ತು. ಆ ಬಿಗಿ ಪೂರ್ತಿ ಸಡಿಲವಾದದ್ದು 1949ರಲ್ಲಿ. ಅಷ್ಟೂ ವರ್ಷ ಹೆಂಗಸರು ಹಳೆಯ ಸ್ವೆಟರ್ ಬಿಚ್ಚಿ ಹೊಸದನ್ನು ಹೆಣೆದರು. ನಮ್ಮ ಕಡೆ ಯುದ್ಧದ ನೆಪವೂ ಬೇಕಾಗಿರಲಿಲ್ಲ. ಅಣ್ಣನಿಗೆ ಗಿಡ್ಡವಾದ ಸ್ವೆಟರನ್ನು ಬಿಚ್ಚಿ, ದಾರವನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ತೊಳೆದು, ಸುರುಳಿ ಬಿಡಲೆಂದು ಕೆಳಗೊಂದು ತೂಕ ಕಟ್ಟಿ ನೇತುಹಾಕಿ, ತಂಗಿಗೆ ಹೆಣೆದುಕೊಟ್ಟ ಅಮ್ಮಂದಿರು ಎಷ್ಟೋ ಮನೆಗಳಲ್ಲಿದ್ದರು. ಅವರ ಡಬ್ಬಿಯಲ್ಲಿ ಉಳಿದಿರುತ್ತಿದ್ದ ಬೆರಳುದ್ದದ ತುಂಡುಗಳನ್ನು ಕಂಡವರು ಕೂಡಿಡುವವರನ್ನು ನೋಡಿ ನಗಲಾರರು.

ಬಡತನ ಕಳೆದ ಮೇಲೂ ಕೂಡಿಡುವುದಕ್ಕೆ ಕಸುಬಿನದೇ ಕಾರಣವೊಂದಿದೆ. ಉಲ್ಲನ್ ಉಂಡೆಯ ಲೇಬಲ್ ಮೇಲೆ ಬಣ್ಣದ ಸಂಖ್ಯೆಯ ಜೊತೆಗೆ ಡೈ ಲಾಟ್ ಎಂದು ಇನ್ನೊಂದು ಸಂಖ್ಯೆ ಇರುತ್ತದೆ. ಒಂದು ಸಲ ಬಣ್ಣದಲ್ಲಿ ಅದ್ದಿದ್ದಷ್ಟಕ್ಕೆ ಒಂದು ಸಂಖ್ಯೆ. ಅದೇ ಕಂಪನಿ, ಅದೇ ನೀಲಿ, ಆದರೆ ಮುಂದಿನ ತಿಂಗಳ ಅದ್ದಿಗೆಯಲ್ಲಿ ನೀಲಿ ಒಂದು ಕೂದಲೆಳೆ ಮಂಕಾಗಿರಬಹುದು. ಉಂಡೆಯಲ್ಲಿ ಕಾಣದ ಈ ವ್ಯತ್ಯಾಸ ಹೆಣೆದ ಮೇಲೆ ಎದೆಯ ಮೇಲೊಂದು ಅಡ್ಡಗೆರೆಯಾಗಿ ಎದ್ದು ಕಾಣುತ್ತದೆ. ಅದಕ್ಕೇ ತಿಳಿದವರು ಒಂದು ಉಂಡೆ ಹೆಚ್ಚಿಗೇ ಕೊಳ್ಳುತ್ತಾರೆ. ಮಿಕ್ಕ ಆ ಒಂದೊಂದು ಉಂಡೆ ಸೇರಿ ಸೇರಿಯೇ ಎಷ್ಟೋ ಪೆಟ್ಟಿಗೆ ತುಂಬಿರುತ್ತದೆ. ಇದು ಮುಂದಾಲೋಚನೆ, ದುರಾಸೆಯಲ್ಲ.

ಆದರೆ ಈಗಿನ ಪೆಟ್ಟಿಗೆಗಳೆಲ್ಲ ಹೀಗೇ ತುಂಬಿದವು ಎಂದರೆ ಸುಳ್ಳಾದೀತು. ದೊಡ್ಡವರ ಒಂದು ಸ್ವೆಟರಿಗೆ ಹೆಚ್ಚುಕಡಿಮೆ ಅರ್ಧ ಕಿಲೋ ಉಲ್ಲನ್ ಬೇಕು. ಅದರಲ್ಲಿ ಹತ್ತಾರು ಸಾವಿರ ಕುಣಿಕೆಗಳಿರುತ್ತವೆ. ದಿನವೂ ಸಂಜೆ ಒಂದು ಗಂಟೆ ಕೂತರೂ ಮುಗಿಯುವುದಕ್ಕೆ ತಿಂಗಳು ಬೇಕು. ಅಷ್ಟೇ ಉಲ್ಲನ್ ಕೊಳ್ಳಲು ಹತ್ತು ನಿಮಿಷ ಸಾಕು. ಕೈಯ ವೇಗಕ್ಕೂ ಕೊಳ್ಳುವ ವೇಗಕ್ಕೂ ಇರುವ ಈ ಅಂತರದಲ್ಲಿ ಪೆಟ್ಟಿಗೆ ಬೆಳೆಯುತ್ತದೆ. ಜೀವಮಾನವಿಡೀ ಹೆಣೆದರೂ ಮುಗಿಯದಷ್ಟು ಕೂಡಿಟ್ಟಿದ್ದೇವೆ ಎಂದು ಹೆಣೆಯುವವರೇ ತಮ್ಮೊಳಗೆ ಹೇಳಿಕೊಳ್ಳುತ್ತಾರೆ.

ಅಂಗಡಿಯಲ್ಲಿ ಉಲ್ಲನ್ ಜೊತೆಗೆ ಒಂದು ಸಂಕಲ್ಪವನ್ನೂ ಕೊಂಡು ತರುತ್ತೇವೆ. ಈ ತೆಳು ಎಳೆಯಲ್ಲಿ ಮಗಳ ಮದುವೆಗೆ ಶಾಲು ಹೆಣೆಯುತ್ತೇನೆ, ಈ ಹಳದಿಯಲ್ಲಿ ಅಕ್ಕನ ಮೊಮ್ಮಗುವಿಗೆ ಕುಲಾವಿ. ಮಗಳ ಮದುವೆಯಾಗಿ ವರ್ಷಗಳು ಕಳೆಯುತ್ತವೆ, ಮೊಮ್ಮಗು ಶಾಲೆಗೆ ಹೋಗುತ್ತದೆ. ಸಂಕಲ್ಪದ ಕಾಲ ಮೀರುತ್ತದೆ, ಉಲ್ಲನ್ ಹಾಗೇ ಉಳಿಯುತ್ತದೆ. ಬಿಸಾಡಲು ಮನಸ್ಸಾಗುವುದಿಲ್ಲ, ಏಕೆಂದರೆ ಬಿಸಾಡಿದರೆ ಆ ಮಾತು ನಡೆಸಲಿಲ್ಲವೆಂದು ಒಪ್ಪಿಕೊಂಡ ಹಾಗಾಗುತ್ತದೆ. ಬೇರೆ ಏನಾದರೂ ಹೆಣೆಯೋಣವೆಂದರೆ ಅದೂ ಆಗದು. ಅದು ಶಾಲಿನದೆಂದು ಮನಸ್ಸಿನಲ್ಲಿ ಬರೆದಾಗಿದೆ. ಅದಲು ಬದಲಿನ ಮೇಜಿನ ದೊಡ್ಡ ಉಪಕಾರ ಇಲ್ಲಿದೆ. ಮೇಜಿನ ಮೇಲಿಟ್ಟ ಗಳಿಗೆಯಲ್ಲೇ ಸಂಕಲ್ಪ ಕಳಚಿಕೊಳ್ಳುತ್ತದೆ. ಅದನ್ನು ಎತ್ತಿಕೊಳ್ಳುವವಳಿಗೆ ಆ ಮದುವೆಯೂ ಗೊತ್ತಿಲ್ಲ, ಆ ಮಗುವೂ ಗೊತ್ತಿಲ್ಲ. ಅವಳ ಕಣ್ಣಿಗೆ ಉಲ್ಲನ್ ಮತ್ತೆ ಉಲ್ಲನ್ನಾಗಿಯೇ ಕಾಣುತ್ತದೆ.

ಪಳಗಿದ ಕೈಯೊಂದು ಆ ಮೇಜಿನ ಮುಂದೆ ಏನು ಮಾಡುತ್ತದೆಂಬುದನ್ನು ಹತ್ತಿರ ನಿಂತು ನೋಡಬೇಕು. ಮೊದಲು ಲಡಿಯನ್ನೆತ್ತಿ ಕೊರಳಿನ ಪಕ್ಕಕ್ಕೆ ಒತ್ತಿಕೊಳ್ಳುತ್ತಾರೆ. ಅಂಗೈಗೆ ತಿಳಿಯದ ಚುಚ್ಚು ಅಲ್ಲಿ ತಿಳಿಯುತ್ತದೆ. ಆಮೇಲೆ ಬೆಳಕಿಗೆ ಹಿಡಿದು ಎಳೆಗಳನ್ನು ಸರಿಸಿ ನೋಡುತ್ತಾರೆ, ನುಸಿ ಕಡಿದು ತುಂಡಾದ ಕಡೆ ಇದೆಯೇ ಎಂದು. ಒಂದೆಳೆಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಜಗ್ಗುತ್ತಾರೆ. ಲೇಬಲ್ ಇಲ್ಲದಿದ್ದರೆ ಸ್ಕೇಲಿಗೆ ಒತ್ತೊತ್ತಾಗಿ ಸುತ್ತಿ ಒಂದು ಇಂಚಿಗೆ ಎಷ್ಟು ಸುತ್ತು ಬಂತೆಂದು ಎಣಿಸಿ ದಪ್ಪ ಗುರುತಿಸುತ್ತಾರೆ. ಎಳೆ ಯಾವುದರದೆಂದು ಅನುಮಾನವಿದ್ದರೆ ಮನೆಗೆ ಹೋಗಿ ಒಂದು ತುಣುಕಿಗೆ ಬೆಂಕಿಕಡ್ಡಿ ಗೀರುತ್ತಾರೆ. ಕುರಿಯ ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಿಗೆ ಪುಡಿಯಾಗುತ್ತದೆ; ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಇಷ್ಟು ಪರೀಕ್ಷೆಯನ್ನು ಅಂಗಡಿಯಲ್ಲಿ ಯಾರೂ ಮಾಡುವುದಿಲ್ಲ. ಅಲ್ಲಿ ಲೇಬಲ್ ಓದಿದರೆ ಮುಗಿಯಿತು.

ಅಂಗಡಿಯಲ್ಲಿ ಸಿಗದ ಇನ್ನೊಂದು ಇಲ್ಲಿದೆ. ಕೊಡುವವಳು ಮೇಜಿನ ಆಚೆ ಬದಿಗೇ ನಿಂತಿರುತ್ತಾಳೆ. "ಇದು ಮೊದಲ ಎರಡು ಒಗೆತಕ್ಕೆ ಬಣ್ಣ ಬಿಡುತ್ತದೆ, ಬಿಳಿಯ ಜೊತೆ ಹೆಣೆಯಬೇಡಿ. ಇದು ಸೂಪರ್‌ವಾಶ್, ಅಂದರೆ ಯಂತ್ರದಲ್ಲಿ ಒಗೆಯಬಹುದಾದ ಉಣ್ಣೆ; ಒದ್ದೆಯಾದರೆ ಜೋತು ಬೀಳುತ್ತದೆ. ಮೊದಲು ಅಂಗೈಯಗಲ ಹೆಣೆದು, ತೊಳೆದು ನೋಡಿ, ಆಮೇಲೆ ಅಳತೆ ತೆಗೆದುಕೊಳ್ಳಿ." ಸರಕಿನ ಕುಂದನ್ನು ಹೀಗೆ ಬಾಯಿಬಿಟ್ಟು ಹೇಳುವ ಮಾರಾಟ ಲೋಕದಲ್ಲಿ ಅಪರೂಪ. ಲಾಭದ ಮಾತಿಲ್ಲದ್ದರಿಂದ, ಸರಕು ಇಂಥದ್ದೇ ಕೆಲಸ ಮಾಡುವ ಕೈಗೆ ಹೋಗುತ್ತಿದೆಯೆಂಬ ಭರವಸೆ ಇರುವುದರಿಂದ ಅದು ಸಾಧ್ಯವಾಗುತ್ತದೆ.

ಇನ್ನು ನನ್ನ ಷರತ್ತು. ಸಂಕ್ರಾಂತಿಗೆ, ಗೌರಿ ಹಬ್ಬಕ್ಕೆ, ಮದುವೆಗೆ ನಮ್ಮ ಮನೆಗಳಲ್ಲಿ ತಾಂಬೂಲದ ಜೊತೆ ಕೊಡುವ ರವಿಕೆ ಕಣವನ್ನು ನೆನೆಯಿರಿ. ಅದು ಈ ಮನೆಯಿಂದ ಆ ಮನೆಗೆ, ಅಲ್ಲಿಂದ ಮತ್ತೊಂದಕ್ಕೆ ಸಾಗುತ್ತಲೇ ಇರುತ್ತದೆ. ಮಡಿಕೆ ಬಿಚ್ಚುವವರಿಲ್ಲ, ಹೊಲಿಸುವವರಿಲ್ಲ. ಬಣ್ಣ ಹೊಂದುವುದಿಲ್ಲ, ತೋಳಿಗೆ ಸಾಲುವುದಿಲ್ಲ, ಇರಲಿ, ಮುಂದಿನ ಅರಿಶಿನ ಕುಂಕುಮಕ್ಕೆ ಆಗುತ್ತದೆ ಎಂದು ಬೀರು ಸೇರುತ್ತದೆ. ಸಂಬಂಧ ಉಳಿಸುವ ಕೆಲಸವನ್ನು ಅದು ಮಾಡುತ್ತಿದೆ, ಆ ಮಾತು ಬೇರೆ. ಬಟ್ಟೆಯಾಗಿ ಮಾತ್ರ ಅದು ಹುಟ್ಟಿಯೂ ಹುಟ್ಟದಂತೆ ಉಳಿಯಿತು. ಕೈ ಬದಲಾಯಿಸಿದ ಮಾತ್ರಕ್ಕೆ ವಸ್ತು ಸಾರ್ಥಕವಾಗುವುದಿಲ್ಲ ಎಂಬುದಕ್ಕೆ ಇಷ್ಟು ಸಾಕು. ಅದಲು ಬದಲಿನ ಉಲ್ಲನ್ನಿಗೂ ಇದೇ ಗತಿ ಬರಬಹುದು. ಈ ವರ್ಷ ಒಬ್ಬಳು ತಂದದ್ದನ್ನು ಇನ್ನೊಬ್ಬಳು ಒಯ್ದು, ಬರುವ ವರ್ಷ ಅದೇ ಚೀಲದಲ್ಲಿ ಹಿಂದಕ್ಕೆ ತರುವುದುಂಟು.

ಆದ್ದರಿಂದ ಹೊಸದಾಗಿ ತಂದದ್ದು ಪೆಟ್ಟಿಗೆಯಲ್ಲಿ ಈಗಾಗಲೇ ಬಿದ್ದಿರುವ ಯಾವುದನ್ನಾದರೂ ಕೆಲಸಕ್ಕೆ ಹಚ್ಚುವಂತಿರಬೇಕು. ಪೆಟ್ಟಿಗೆಯ ಉಲ್ಲನ್ ಎಷ್ಟೋ ಸಲ ಕೊರತೆಯಿಂದಲೇ ನಿಂತಿರುತ್ತದೆ. ಆರು ಉಂಡೆ ಬೂದು ಬಣ್ಣವಿದೆ, ತೋಳಿಗೆ ಒಂದು ಕಡಿಮೆ. ಕಪ್ಪು ಕೆಂಪು ಇವೆ, ನಡುವೆ ಇಣುಕಿಸಲು ಸಾಸಿವೆ ಹಳದಿ ಇಲ್ಲ. ಅಂಗಡಿಗೆ ಹೋದರೆ ಹಳದಿಯ ಪೂರ್ತಿ ಉಂಡೆ ಕೊಳ್ಳಬೇಕು. ಬೇಕಾದದ್ದು ಇಪ್ಪತ್ತು ಗ್ರಾಂ, ಮಿಕ್ಕದ್ದು ಮತ್ತೆ ಪೆಟ್ಟಿಗೆಗೆ. ಮೇಜಿನ ಮೇಲೆ ಯಾರದೋ ಅರ್ಧ ಉಂಡೆ ಸಿಕ್ಕರೆ ಮೂರು ವರ್ಷದಿಂದ ಕೂತಿದ್ದ ಕಪ್ಪು ಕೆಂಪಿಗೆ ದಾರಿಯಾಗುತ್ತದೆ. ಸ್ಕಾಟ್ಲೆಂಡಿನ ಉತ್ತರದ ಶೆಟ್‌ಲೆಂಡ್ ದ್ವೀಪಗಳಲ್ಲಿ ಫೇರ್ ಐಲ್ ಎಂಬ ಹೆಣಿಗೆ ಇದೆ. ಒಂದು ಸಾಲಿಗೆ ಎರಡೇ ಬಣ್ಣ, ಆದರೆ ಸಾಲುಸಾಲಿಗೆ ಬಣ್ಣ ಬದಲಾಗುತ್ತ ಒಂದು ಬನಿಯನ್ನಿಗೆ ಹತ್ತು ಹನ್ನೆರಡು ಬಣ್ಣ ಸೇರಬಹುದು, ಕೆಲವು ಬಣ್ಣ ತೀರಾ ಅಷ್ಟಷ್ಟೇ. ಸ್ವೆಟರಿಗೆ ಸಾಲದೆಂದು ಒಬ್ಬಳು ಕೈಬಿಟ್ಟ ಉಂಡೆ ಇಂಥದ್ದನ್ನು ಹೆಣೆಯುವವಳಿಗೆ ಬೇಕಾದಷ್ಟಾಯಿತು. ಡೈ ಲಾಟ್ ಬೇರೆಯಾದರೂ ಉಪಾಯವಿದೆ: ಎರಡು ಸಾಲು ಹಳೆಯ ಉಂಡೆ, ಎರಡು ಸಾಲು ಹೊಸದು ಎಂದು ಬದಲಿಸುತ್ತ ಹೋದರೆ ಗೆರೆ ಕರಗಿಹೋಗುತ್ತದೆ. ಪೆಟ್ಟಿಗೆಗೆ ಸೇರಿಸುವುದೇ ಪೆಟ್ಟಿಗೆ ಖಾಲಿ ಮಾಡುವ ದಾರಿಯಾಗಬಲ್ಲದು ಎಂದು ನಾನು ಹೇಳುವುದು ಈ ಅರ್ಥದಲ್ಲಿ.

ಹಸಿರಿನ ಹೆಸರಿನಲ್ಲಿ ಇದನ್ನು ಹೊಗಳುವವರೊಂದಿಗೆ ನನಗಿರುವ ತಕರಾರೂ ಇಲ್ಲೇ ಇದೆ. ಹತ್ತು ಉಂಡೆ ಕೊಟ್ಟು ಬಂದವರಿಗೆ ಬೀರುವಿನಲ್ಲಿ ಜಾಗವಾಯಿತು. ಜಾಗವಾಯಿತೆಂಬ ನೆಮ್ಮದಿಯಲ್ಲೇ ಅಂಗಡಿಗೆ ಹೋಗುತ್ತಾರೆ. ಉಣ್ಣೆಯನ್ನು ಸೂಪರ್‌ವಾಶ್ ಮಾಡಲು ಸಾಮಾನ್ಯವಾಗಿ ಕ್ಲೋರಿನ್ ಬಳಸುತ್ತಾರೆ, ಅಕ್ರಿಲಿಕ್ ಪೆಟ್ರೋಲಿಯಂನಿಂದ ಬರುತ್ತದೆ. ಅವುಗಳ ಹೊರೆ ಅವು ಕಾರ್ಖಾನೆಯಿಂದ ಹೊರಬಂದ ದಿನವೇ ಭೂಮಿಯ ಮೇಲೆ ಬಿದ್ದಾಗಿದೆ. ಹೆಣೆದು, ತೊಟ್ಟು, ಹತ್ತು ಚಳಿಗಾಲ ಬಾಳಿಸಿದರೆ ಮಾತ್ರ ಆ ಹೊರೆಗೆ ಅರ್ಥ ಬರುತ್ತದೆ.

ಅಂಗಡಿಯವರಿಗೆ, ಮನೆಯಲ್ಲೇ ಬಣ್ಣ ಹಾಕಿ ಮಾರುವ ಸಣ್ಣ ಕಸುಬಿನವರಿಗೆ ಇದರಿಂದ ನಷ್ಟವಲ್ಲವೇ ಎಂದು ಕೇಳುವವರಿದ್ದಾರೆ. ಅವರ ಲಡಿ ಪೆಟ್ಟಿಗೆಯಲ್ಲಿ ಮಲಗಿದ್ದರೆ ಯಾರ ಕಣ್ಣಿಗೂ ಬೀಳದು. ಸ್ವೆಟರಾಗಿ ಬೀದಿಯಲ್ಲಿ ನಡೆದರೆ ಯಾರಲ್ಲಿ ಕೊಂಡಿರಿ ಎಂದು ನಾಲ್ಕು ಜನ ಕೇಳುತ್ತಾರೆ. ಮೇಲಾಗಿ, ಅಗ್ಗದ ಉಂಡೆಯಲ್ಲಿ ಕೈ ಪಳಗಿಸಿಕೊಂಡ ಹುಡುಗಿಯೇ ನಾಳೆ ಅವರ ಗಿರಾಕಿ.

ಹಾಗಾದರೆ ಲೆಕ್ಕ ಹೇಗಿರಬೇಕು? ಉಂಡೆಗೆ ಒಂದು ಚೀಟಿ ಎಂದರೆ ಅಕ್ರಿಲಿಕ್ ತಂದವರೂ ಕಾಶ್ಮೀರಿ ಉಣ್ಣೆ ತಂದವರೂ ಒಂದೇ ಆಗುತ್ತಾರೆ. ಕ್ರಮೇಣ ಒಳ್ಳೆಯದನ್ನು ಯಾರೂ ತರುವುದಿಲ್ಲ. ಅಂಗಡಿ ಬೆಲೆ ಹಿಡಿದರೆ ಕೊಟ್ಟ ದುಡ್ಡಿನ ನೆನಪು ಎದ್ದು ಕೂರುತ್ತದೆ. ಇಷ್ಟಕ್ಕೆ ಕೊಂಡದ್ದು, ಅಷ್ಟಕ್ಕೆ ಹೇಗೆ ಕೊಡಲಿ ಎಂಬ ಚೌಕಾಸಿಯಲ್ಲಿ ಉಲ್ಲನ್ ಮತ್ತೆ ಚೀಲ ಸೇರುತ್ತದೆ. ಉಣ್ಣೆಗೊಂದು ಮೇಜು, ಹತ್ತಿಗೊಂದು, ಅಕ್ರಿಲಿಕ್‌ಗೊಂದು, ದುಬಾರಿ ಎಳೆಗಳಿಗೆ ಮತ್ತೊಂದು ಎಂದು ಮಾಡಿ, ಒಂದೇ ಮೇಜಿನೊಳಗೆ ತೂಕಕ್ಕೆ ತೂಕ ಎಂದಿಡುವುದು ನನಗೆ ಎಲ್ಲಕ್ಕಿಂತ ನ್ಯಾಯವಾಗಿ ಕಾಣುತ್ತದೆ. ತಕ್ಕಡಿಗೆ ಬಿಚ್ಚಿದ ಉಂಡೆಯೂ ಸರಿ, ಅರ್ಧ ಲಡಿಯೂ ಸರಿ. ಏನೂ ತಾರದೆ ಬಂದ ಹೊಸಬರಿಗೆ ಅಲ್ಪ ಬೆಲೆಗೆ ಕೊಡಲಿ. ವಸ್ತುವಿನ ಮೇಲೆ ಹೆಚ್ಚಿನ ಹಕ್ಕು ಅದನ್ನು ಕೆಲಸಕ್ಕೆ ಹಚ್ಚುವವರದು ಎಂದು ಒಪ್ಪಿದ ಮೇಲೆ, ಕೊಂಡವರ ರಸೀದಿಗೆ ಆ ಕೋಣೆಯಲ್ಲಿ ಜಾಗವಿರಬಾರದು.

ಈ ಹಕ್ಕಿನ ಮಾತು ಎಲ್ಲಕ್ಕಿಂತ ಹರಿತವಾಗಿ ಕಾಡುವುದು ಹೆಣೆಯುವವರು ತೀರಿಕೊಂಡಾಗ. ಮಕ್ಕಳು ಬೀರು ತೆರೆಯುತ್ತಾರೆ. ಯಾವುದು ಮೆರಿನೋ, ಯಾವುದು ಅಗ್ಗದ್ದು, ಯಾವ ಏಳು ಉಂಡೆ ಒಂದೇ ಸ್ವೆಟರಿನವು, ಕಡ್ಡಿಯಲ್ಲಿ ಅರ್ಧಕ್ಕೆ ನಿಂತದ್ದು ಯಾರಿಗೆಂದು ಶುರುವಾದದ್ದು, ಅವರಿಗೆ ಒಂದೂ ತಿಳಿಯದು. ಅಮೆರಿಕದಲ್ಲಿ 2022ರಲ್ಲಿ ಮೇಸಿ ಕಪ್ಲನ್ ಮತ್ತು ಜೆನ್ ಸಿಮೋನಿಕ್ ಎಂಬ ಇಬ್ಬರು ಗೆಳತಿಯರು ಲೂಸ್ ಎಂಡ್ಸ್ ಎಂಬ ಸಂಸ್ಥೆ ಕಟ್ಟಿದರು. ತೀರಿಕೊಂಡವರು, ಕೈಲಾಗದಾದವರು ಅರ್ಧಕ್ಕೆ ಬಿಟ್ಟ ಹೆಣಿಗೆಯನ್ನು ಅದೇ ಕಸುಬು ಬಲ್ಲ ಸ್ವಯಂಸೇವಕರು ಮುಗಿಸಿ, ಆ ಮನೆಯವರಿಗೇ ಹಿಂದಿರುಗಿಸುತ್ತಾರೆ. ಅಪರಿಚಿತರ ಅಮ್ಮ ಹಾಕಿದ ಕೊನೆಯ ಕುಣಿಕೆಯಿಂದ ಮುಂದಿನ ಕುಣಿಕೆ ಎತ್ತಿಕೊಳ್ಳುವುದು ಎಂಥ ಕೆಲಸವೆಂದು ಹೆಣೆದವರಿಗೆ ಗೊತ್ತು. ಅಮ್ಮನ ಬಿಗಿ ಬೇರೆ, ಇವರ ಬಿಗಿ ಬೇರೆ; ಸಾಲು ಕೂಡಿಬರಲು ಕಡ್ಡಿಯ ದಪ್ಪ ಬದಲಿಸಬೇಕಾಗಬಹುದು.

ಆದರೆ ಶುರುವಾಗದ ಉಲ್ಲನ್ನಿಗೆ ಅಂಥ ಆಸರೆಯೂ ಇಲ್ಲ. ಅದು ಕತ್ತಲಲ್ಲಿ ಅಲುಗದೆ ಇದ್ದಷ್ಟು ದಿನ ನುಸಿಗೆ ಅನುಕೂಲ. ನುಸಿಯ ಮರಿಹುಳು ಉಣ್ಣೆಯ ಕೆರಾಟಿನ್ ತಿಂದು ಬೆಳೆಯುತ್ತದೆ, ಯಾರೂ ಮುಟ್ಟದ ಮೂಲೆಯನ್ನೇ ಹುಡುಕುತ್ತದೆ. ಆಗಾಗ ಹೊರತೆಗೆದು ಕೊಡವಿ ನೋಡುವುದಕ್ಕಿಂತ ಒಳ್ಳೆಯ ನುಸಿಗುಳಿಗೆ ಇಲ್ಲ. ವರ್ಷಕ್ಕೊಮ್ಮೆ ಮಾರಾಟದ ನೆಪದಲ್ಲಿ ಪೆಟ್ಟಿಗೆ ಬರಿದು ಮಾಡಿ ವಿಂಗಡಿಸುವವರ ಉಲ್ಲನ್ ಅದರಿಂದಲೇ ಉಳಿದುಕೊಳ್ಳುತ್ತದೆ. ತಂದದ್ದನ್ನು ಮಾತ್ರ ನೇರವಾಗಿ ಬೀರುವಿಗೆ ಸೇರಿಸಬಾರದು. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದೆರಡು ವಾರ ಡೀಪ್ ಫ್ರೀಜರಿನಲ್ಲಿಟ್ಟರೆ ಮೊಟ್ಟೆಯೂ ಹುಳುವೂ ಸಾಯುತ್ತವೆ. ಹೊರತೆಗೆದ ಮೇಲೆ ಒಂದು ಚೀಟಿಯಲ್ಲಿ ಎಳೆ ಯಾವುದು, ತೂಕ ಎಷ್ಟು, ಯಾರಿಂದ ಬಂತು, ಪೆಟ್ಟಿಗೆಯಲ್ಲಿರುವ ಯಾವುದರ ಜೊತೆಗೆಂದು ತಂದದ್ದು ಎಂದು ಬರೆದು ಲಡಿಗೆ ಕಟ್ಟಬೇಕು. ಬರುವ ವರ್ಷದ ಹೊತ್ತಿಗೂ ಆ ಜೋಡಿ ಕಡ್ಡಿ ಏರದಿದ್ದರೆ ಎರಡನ್ನೂ ಒಟ್ಟಿಗೇ, ಚೀಟಿಯ ಸಮೇತ, ಮೇಜಿನ ಮೇಲಿಡಬಹುದು. ಎತ್ತಿಕೊಳ್ಳುವವಳಿಗೆ ಬಣ್ಣ ಹೊಂದಿಸುವ ಅರ್ಧ ಕೆಲಸ ಆಗಲೇ ಮುಗಿದಿರುತ್ತದೆ.