ಹೆಸರು ಗುಟ್ಟಾಗಿರಲಿ, ವಿಳಾಸವೂ ಗುಟ್ಟಾಗಬೇಕೆ?

‘ಡಾಕ್ಟ್ರೇ, ನಮ್ಮ ಯಜಮಾನರು ನಿನ್ನೆ ರಾತ್ರಿ ಅವರಾಗಿಯೇ ಕುಡಿತ ಬಿಡುತ್ತೇನೆ ಅಂದರು. ಈಗ ಅವರನ್ನು ಎಲ್ಲಿಗೆ ಕರಕೊಂಡು ಹೋಗಲಿ?’

ಮದ್ಯವ್ಯಸನಿಗಳ ಹೆಂಡತಿಯರು, ತಾಯಂದಿರು ವೈದ್ಯರನ್ನು ಕೇಳುವ ಪ್ರಶ್ನೆ ಇದು. ಪ್ರಶ್ನೆ ಸಣ್ಣದಾದರೂ ಆ ದಿನವೇ ಉತ್ತರ ಸಿಗದಿದ್ದರೆ ಆಗುವ ನಷ್ಟ ದೊಡ್ಡದು. ‘ಬಿಡಬೇಕು’ ಎಂಬ ಮನಸ್ಸು ಬರುವುದೇ ಅಪರೂಪ. ಬಂದರೂ ಸಂಜೆಯವರೆಗೆ ನಿಲ್ಲುವುದು ಕಷ್ಟ. ವೈನ್ ಶಾಪ್ ಎಲ್ಲಿದೆ ಎಂದು ಬೀದಿಯ ಮಗುವಿಗೂ ಗೊತ್ತು. ಕುಡಿತ ಬಿಟ್ಟವರು ಸೇರುವ ಸಭೆ ಎಲ್ಲಿದೆ ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಅಮೆರಿಕದ ಅಕ್ರಾನ್ ನಗರದಲ್ಲಿ 1935ರಲ್ಲಿ ಕುಡಿತದಿಂದ ಹೈರಾಣಾಗಿದ್ದ ಇಬ್ಬರು ಭೇಟಿಯಾದರು. ಒಬ್ಬರು ಷೇರು ವ್ಯವಹಾರದ ಬಿಲ್ ವಿಲ್ಸನ್, ಇನ್ನೊಬ್ಬರು ಶಸ್ತ್ರವೈದ್ಯ ಡಾ. ಬಾಬ್ ಸ್ಮಿತ್. ಒಬ್ಬರ ಕಷ್ಟ ಇನ್ನೊಬ್ಬರು ಕೇಳುತ್ತಾ ಇಬ್ಬರೂ ಕುಡಿಯದೆ ಉಳಿದರು. ಅದೇ ಇಂದಿನ ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. ಇಲ್ಲಿ ಶುಲ್ಕವಿಲ್ಲ, ಖರ್ಚಿಗೆ ಸದಸ್ಯರೇ ಇಷ್ಟಪಟ್ಟಷ್ಟು ಹಾಕುತ್ತಾರೆ. ಕುಡಿತ ಬಿಡುವ ಇಚ್ಛೆಯೊಂದೇ ಅರ್ಹತೆ. ಮಾತನಾಡಲೇಬೇಕೆಂಬ ಒತ್ತಾಯವಿಲ್ಲ, ಸುಮ್ಮನೆ ಕುಳಿತು ಕೇಳಬಹುದು. ದೇವರ ಮಾತು ಬರುತ್ತದೆ, ಆದರೆ ಯಾವ ದೇವರು ಎಂಬುದು ಅವರವರಿಗೆ ಬಿಟ್ಟದ್ದು. ಸಭೆ ಚರ್ಚಿನ ಕೊಠಡಿಯಲ್ಲಿ ನಡೆದರೂ ಅದು ಯಾವ ಮತಕ್ಕೂ ಸೇರಿದ್ದಲ್ಲ.

ಇದರಿಂದ ಪ್ರಯೋಜನವಿದೆಯೇ? 2020ರಲ್ಲಿ ಪ್ರಕಟವಾದ ಕೋಕ್ರೇನ್ ಸಮೀಕ್ಷೆ 27 ಅಧ್ಯಯನಗಳನ್ನು, ಹತ್ತು ಸಾವಿರಕ್ಕೂ ಹೆಚ್ಚು ಜನರ ವಿವರಗಳನ್ನು ಪರಿಶೀಲಿಸಿತು. ರೋಗಿಯನ್ನು ಕ್ರಮಬದ್ಧವಾಗಿ ಎ.ಎ. ಸಭೆಗೆ ಸೇರಿಸುವ ಚಿಕಿತ್ಸೆ, ಪೂರ್ತಿಯಾಗಿ ಕುಡಿಯದೆ ಉಳಿಯುವ ವಿಷಯದಲ್ಲಿ ಬೇರೆ ಮನೋಚಿಕಿತ್ಸೆಗಳಿಗಿಂತ ಮೇಲು ಎಂದು ಕಂಡುಬಂತು. ‘ಕ್ರಮಬದ್ಧವಾಗಿ ಸೇರಿಸುವ’ ಎಂಬ ಮಾತನ್ನು ಗಮನಿಸಿ. ನಾವು ವೈದ್ಯರು ಮಾಡುವುದೇನು? ಲಿವರಿನ ಮಾತ್ರೆ ಬರೆದು, ‘ಇನ್ನು ಕುಡಿಯಬೇಡಿ’ ಎಂದು ಹೇಳಿ ಕಳಿಸುತ್ತೇವೆ. ಸಭೆಯ ದಿನ, ಸಮಯ, ಜಾಗವನ್ನು ಚೀಟಿಯಲ್ಲಿ ಬರೆದುಕೊಡುವವರು ಕಡಿಮೆ.

ಸದಸ್ಯರ ಹೆಸರನ್ನು ಗುಟ್ಟಾಗಿಡುವುದು ಎ.ಎ.ಯ ನಿಯಮ. ಅದು ಸರಿಯಾದದ್ದೇ. ಆದರೆ ನಮ್ಮ ನಾಚಿಕೆಯಿಂದಾಗಿ ಸಭೆಯ ವಿಳಾಸವೂ ಗುಟ್ಟಾಗಿಬಿಟ್ಟಿದೆ. ಪ್ರತಿ ಆಸ್ಪತ್ರೆ, ಗ್ರಂಥಾಲಯ, ಪಂಚಾಯಿತಿ ಕಚೇರಿ, ಕಾರ್ಖಾನೆಯ ನೋಟಿಸ್ ಬೋರ್ಡಿನಲ್ಲಿ ಹತ್ತಿರದ ಸಭೆಯ ವಿವರ ಇರಬೇಕು. ಇದಕ್ಕೆ ಬೇಕಾಗುವುದು ಒಂದು ಹಾಳೆ ಕಾಗದ ಮಾತ್ರ.

ಅಲ್ಲಿಯವರೆಗೆ ಮನೆಯವರು ಏನು ಮಾಡಬಹುದು? ಸಾಮಾಜಿಕ ನ್ಯಾಯ ಸಚಿವಾಲಯದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಅಥವಾ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ವಿಚಾರಿಸಿ. ಬೆಂಗಳೂರಿನವರಿಗೆ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ಪ್ರತ್ಯೇಕ ಕೇಂದ್ರವಿದೆ. ಸಭೆ ಯಾವ ವಾರ, ಎಷ್ಟು ಗಂಟೆಗೆ, ಯಾವ ಭಾಷೆಯಲ್ಲಿ ಎಂದು ಕೇಳಿ. ‘ಮುಕ್ತ ಸಭೆ’ಯಾದರೆ ಮನೆಯವರೂ ಹೋಗಿ ಕೂರಬಹುದು. ಹತ್ತಿರದಲ್ಲಿ ಸಭೆ ಇಲ್ಲದವರಿಗೆ ಫೋನಿನಲ್ಲೇ ಸೇರಬಹುದಾದ ಆನ್‌ಲೈನ್ ಸಭೆಗಳಿವೆ. ಹಳ್ಳಿಗಳಲ್ಲಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ನಡೆಯುತ್ತವೆ. ಶಿಬಿರ ಮುಗಿಸಿದವರು ಮತ್ತೆ ಮತ್ತೆ ಸೇರಲು ನವಜೀವನ ಸಮಿತಿಗಳಿವೆ.

ಒಂದು ಎಚ್ಚರಿಕೆ. ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಬೆವರು, ನಿದ್ರೆಗೇಡು ಕಾಣಿಸಬಹುದು. ಕೆಲವರಿಗೆ ಎರಡು ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸಿ ಬಡಬಡಿಸಬಹುದು. ಇದು ಪ್ರಾಣಕ್ಕೇ ಅಪಾಯ. ಆದ್ದರಿಂದ ಮೊದಲು ವೈದ್ಯರು, ಜೊತೆಯಲ್ಲೇ ಸಭೆ. ಒಂದಕ್ಕೆ ಇನ್ನೊಂದು ಬದಲಿಯಲ್ಲ.

ಮೊದಲ ಸಭೆಯಿಂದ ಬಂದವರು ‘ಅದು ನನಗೆ ಒಗ್ಗುವುದಿಲ್ಲ’ ಎನ್ನಬಹುದು. ಜಗಳವಾಡಬೇಡಿ. ಗುಂಪಿನಿಂದ ಗುಂಪಿಗೆ ವ್ಯತ್ಯಾಸವಿದೆ. ಇನ್ನೂ ಎರಡು ಮೂರು ಸಭೆ ನೋಡಿ ಬರಲಿ. ನಡುವೆ ಜಾರಿ ಮತ್ತೆ ಕುಡಿದರೂ ಬಾಗಿಲು ಮುಚ್ಚುವುದಿಲ್ಲ. ಜೀವನವಿಡೀ ಬಿಡುತ್ತೇನೆಂದು ಅಲ್ಲಿ ಆಣೆ ಹಾಕಿಸುವುದಿಲ್ಲ. ‘ಇವತ್ತು ಒಂದು ದಿನ ಕುಡಿಯುವುದಿಲ್ಲ’ ಎಂದಷ್ಟೇ ಕಲಿಸುತ್ತಾರೆ.

ಅವರು ಹೋಗಲು ಒಪ್ಪದಿದ್ದರೆ? ಆಗಲೂ ನೀವು ಹೋಗಬಹುದು. ಕುಡುಕರ ಮನೆಯವರಿಗಾಗಿಯೇ 1951ರಲ್ಲಿ ಶುರುವಾದ ಅಲ್-ಅನಾನ್ ಗುಂಪುಗಳು ನಮ್ಮ ದೇಶದಲ್ಲೂ ಇವೆ. ಸಾಲ ತೀರಿಸುತ್ತಾ, ನೆರೆಯವರಿಗೆ ಸುಳ್ಳು ಹೇಳುತ್ತಾ ಬಳಲಿದ ಹೆಂಗಸಿಗೆ, ತನ್ನಂಥವರು ಬೇರೆಯವರೂ ಇದ್ದಾರೆಂದು ತಿಳಿಯುವುದೇ ಅರ್ಧ ಔಷಧ.

ಗ್ಯಾಸ್ ಏಜೆನ್ಸಿಯ ನಂಬರನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡುತ್ತೀರಿ. ಅದರ ಪಕ್ಕದಲ್ಲೇ ಹತ್ತಿರದ ಸಭೆಯ ದಿನ, ವೇಳೆ, ಜಾಗವನ್ನೂ ಬರೆದಿಡಿ. ನಿಮ್ಮ ಮನೆಗೆ ಬೇಡವಾಗಿದ್ದರೆ ಪಕ್ಕದ ಮನೆಗೆ ಬೇಕಾದೀತು. ಅವರು ‘ಬಿಡುತ್ತೇನೆ’ ಎನ್ನುವ ರಾತ್ರಿ ಹುಡುಕಲು ಹೊರಟರೆ ತಡವಾಗುತ್ತದೆ.