ಕೋಶಕೇಂದ್ರಕ್ಕೆ ಅಂಟಿದ ಗೆರೆ

ಬೋಧನಾಭ್ಯಾಸದ ಮೂರನೇ ವಾರ ಒಂಬತ್ತನೇ ತರಗತಿಗೆ ಜೀವಕೋಶ ಘಟಕದ ಕಿರುಪರೀಕ್ಷೆ ಕೊಟ್ಟಿದ್ದೆ. ಪ್ರಾಣಿಕೋಶದ ಚಿತ್ರ ಬರೆದು ಭಾಗಗಳನ್ನು ಗುರುತಿಸುವುದು ಕೊನೆಯ ಪ್ರಶ್ನೆ. ಒಬ್ಬ ಹುಡುಗಿ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನ ಗೆರೆಗಳನ್ನು ಕೋಶಕೇಂದ್ರದ ಹೊರಗೆರೆಗೇ ಸೇರಿಸಿ ಬರೆದಿದ್ದಳು. ಪೆನ್ಸಿಲ್ ಜಾರಿದ್ದಲ್ಲ, ಮೂರು ಕಡೆ ಹಾಗೆಯೇ ಸೇರಿಸಿದ್ದಳು. ನಾನು ಅದಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಅರ್ಧ ಅಂಕ ಕಳೆದೆ. ನನ್ನ ಚಾರ್ಟಿನಲ್ಲಿ ಅವೆರಡೂ ಬೇರೆ ಬೇರೆ ಇದ್ದವು, ನಡುವೆ ಒಂದು ಬೆರಳಿನಷ್ಟು ಬಿಳಿ ಜಾಗ. ಚಾರ್ಟ್ ಬರೆದವಳೂ ನಾನೇ, ಮಾದರಿ ಉತ್ತರ ಬರೆದವಳೂ ನಾನೇ.

ಅವಳು ಉತ್ತರಪತ್ರಿಕೆ ಹಿಡಿದುಕೊಂಡು ಬಂದಳು. "ಮಿಸ್, ಇದು ಕೋಶಕೇಂದ್ರಕ್ಕೆ ಸೇರಿಲ್ಲ ಅಂದ್ರೆ ಮತ್ತೆ ಯಾವುದಕ್ಕೆ ಸೇರಿರುತ್ತೆ? ಸುಮ್ನೆ ತೇಲ್ತಾ ಇರುತ್ತಾ?"

"ಚಾರ್ಟ್ ನೋಡಮ್ಮ" ಎಂದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ರಾತ್ರಿ ಬಿ.ಎಸ್ಸಿ.ಯ ನೋಟ್ಸ್ ತೆಗೆದು ನೋಡಿದೆ. ಕೋಶಕೇಂದ್ರಕ್ಕೆ ಎರಡು ಪೊರೆಗಳು. ಹೊರಗಿನ ಪೊರೆ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನ, ಅಂದರೆ ಇ.ಆರ್.ನ ಪೊರೆಯಾಗಿಯೇ ಮುಂದುವರಿಯುತ್ತದೆ. ಆ ಎರಡು ಪೊರೆಗಳ ನಡುವಿನ ಜಾಗವೂ ಇ.ಆರ್.ನ ಒಳಜಾಗವೂ ಒಂದೇ. ನನ್ನದೇ ಕೈಬರಹ, ಅಡಿಗೆರೆ ಸಮೇತ. ಪದವಿ ಪರೀಕ್ಷೆಯಲ್ಲಿ ಇದನ್ನು ಬರೆದು ಅಂಕ ತೆಗೆದುಕೊಂಡಿದ್ದವಳು, ಚಾರ್ಟ್ ಮಾಡಲು ಕೂತಾಗ ಪ್ರತಿ ಕಣದಂಗವನ್ನೂ ಬಿಡಿಬಿಡಿಯಾಗಿ ಬರೆದಿದ್ದೆ. ಹಾಗೆ ಬರೆದರೆ ಬಾಣದ ಗುರುತು ಹಾಕುವುದು ಸುಲಭ, ಅಷ್ಟೇ ಕಾರಣ.

ನಾವು ಬೋಧನಾಭ್ಯಾಸಕ್ಕೆ ಹೋಗುವವರು ಇ.ಆರ್. ಅನ್ನು ಕೋಶಕೇಂದ್ರದಿಂದ ಕತ್ತರಿಸಿ ಕಲಿಸುವುದನ್ನು ಬಿಡಬೇಕು ಎಂಬುದು ನನ್ನ ಅಭಿಪ್ರಾಯ. ಚಿತ್ರದ ಅಂದಕ್ಕಾಗಿ ಹೇಳುತ್ತಿಲ್ಲ. ಮೊದಲ ಅವಧಿಯಲ್ಲಿ ಕೋಶಕೇಂದ್ರಕ್ಕೆ ಪೊರೆ ಇದ್ದರೆ ಯೂಕ್ಯಾರಿಯೋಟ್, ಇಲ್ಲದಿದ್ದರೆ ಪ್ರೋಕ್ಯಾರಿಯೋಟ್ ಎಂದು ಬಾಯಿಪಾಠ ಮಾಡಿಸುತ್ತೇವೆ. ಮೂರನೇ ಅವಧಿಯಲ್ಲಿ ಇ.ಆರ್. ಎಂಬುದು ಎಲ್ಲಿಂದಲೋ ಬಂದ ಹೊಸ ಹೆಸರಿನಂತೆ ಬರುತ್ತದೆ. ಎರಡೂ ಒಂದೇ ಪೊರೆಯ ಮಾತು ಎಂದು ಹೇಳುವುದೇ ಇಲ್ಲ. ಬ್ಯಾಕ್ಟೀರಿಯಾದಲ್ಲಿ ಕೋಶಕೇಂದ್ರದ ಪೊರೆಯೂ ಇಲ್ಲ, ಇ.ಆರ್. ಕೂಡ ಇಲ್ಲ. ನಮ್ಮ ಬಲಿತ ಕೆಂಪು ರಕ್ತಕಣ ಕೋಶಕೇಂದ್ರವನ್ನು ಕಳೆದುಕೊಂಡಿದೆ, ಅದರಲ್ಲೂ ಇ.ಆರ್. ಇಲ್ಲ. ಇದನ್ನು ಹೇಳಿದರೆ ಮಗು ಎರಡು ಸಂಗತಿಗಳನ್ನು ಬೇರೆ ಬೇರೆ ನೆನಪಿಡಬೇಕಾಗಿಲ್ಲ.

ಗಾತ್ರದ ವಿಷಯದಲ್ಲೂ ನಮ್ಮ ಚಿತ್ರ ಸುಳ್ಳು ಹೇಳುತ್ತದೆ. ಕೋಶಪೊರೆಯನ್ನು ದಪ್ಪ ಗೆರೆಯಲ್ಲಿ ಎಳೆದು, ಇ.ಆರ್. ಅನ್ನು ಮೂಲೆಯಲ್ಲಿ ನಾಲ್ಕು ವಕ್ರಗೆರೆಗಳಲ್ಲಿ ಮುಗಿಸುತ್ತೇವೆ. ಪಿತ್ತಜನಕಾಂಗದ ಕೋಶದಲ್ಲಿರುವ ಒಟ್ಟು ಪೊರೆಯಲ್ಲಿ ಹೊರಗಿನ ಕೋಶಪೊರೆಯ ಪಾಲು ಸುಮಾರು ಶೇ. 2. ಒರಟು ಇ.ಆರ್.ನದು ಸುಮಾರು ಶೇ. 35, ನುಣುಪು ಇ.ಆರ್.ನದು ಶೇ. 16. ಅರ್ಧಕ್ಕಿಂತ ಹೆಚ್ಚು! ಈರುಳ್ಳಿ ಸಿಪ್ಪೆಯ ಪ್ರಯೋಗದ ದಿನ ಮಕ್ಕಳು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು "ಇ.ಆರ್. ಎಲ್ಲಿ ಮಿಸ್?" ಎಂದು ಕೇಳಿದ್ದು ಸರಿಯಾಗಿಯೇ ಇತ್ತು. ನಮ್ಮ ಶಾಲೆಗಳ ಸೂಕ್ಷ್ಮದರ್ಶಕದಲ್ಲಿ ಅದು ಕಾಣದು. ಕೀತ್ ಪೋರ್ಟರ್, ಆಲ್ಬರ್ಟ್ ಕ್ಲಾಡ್, ಅರ್ನೆಸ್ಟ್ ಫುಲಮ್ ಸೇರಿ ಕೋಳಿಭ್ರೂಣದ ಕೋಶಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ, ಒಳಗೆ ಜಾಲರಿಯಂಥದ್ದೊಂದು ಇದೆ ಎಂದು ವರದಿ ಮಾಡಿದ್ದು 1945ರಲ್ಲಿ. ರಾಬರ್ಟ್ ಹುಕ್ 1665ರಲ್ಲಿ ಬೆಂಡಿನ ಕೋಶಗಳ ಬಗ್ಗೆ ಬರೆದ 280 ವರ್ಷಗಳ ನಂತರ. ಇಷ್ಟನ್ನು ಹೇಳಿದ್ದರೆ ಸಾಕಿತ್ತು. ನಾನು "ಅದೆಲ್ಲ ಕಾಣಲ್ಲ, ಕೋಶಭಿತ್ತಿ ನೋಡಿ" ಎಂದು ಸಾಲು ಮುಂದಕ್ಕೆ ಕಳಿಸಿದ್ದೆ.

ಇನ್ನು ಕಾರ್ಯಗಳ ಪಟ್ಟಿ. 'ಇ.ಆರ್. ಕೋಶದ ರಸ್ತೆ ಇದ್ದಂತೆ' ಎಂಬ ಹೋಲಿಕೆಯನ್ನು ನಮ್ಮಲ್ಲಿ ಬಹುತೇಕ ಎಲ್ಲರೂ ಪಾಠಯೋಜನೆಯಲ್ಲಿ ಬರೆದಿದ್ದೇವೆ. ಆ ರಸ್ತೆಯ ಮೇಲೆ ರೈಬೋಸೋಮ್ ಓಡಾಡುತ್ತದೆ ಎಂದು ನನ್ನ ತರಗತಿಯ ಐದು ಮಂದಿ ಬರೆದರು. ತಪ್ಪು ಅವರದಲ್ಲ, ರಸ್ತೆಯ ಮೇಲೆ ಏನಾದರೂ ಓಡಾಡಲೇಬೇಕಲ್ಲ.

ಮರುದಿನ ಅದೇ ಪಾಠವನ್ನು ಬೇರೆ ರೀತಿ ಮಾಡಿದೆ. ಹುಣಸೆಹಣ್ಣಿನ ಒಂದು ಉಂಡೆ ತೋರಿಸಿ ಬಾಯಲ್ಲಿ ಏನಾಯಿತು ಎಂದು ಕೇಳಿದೆ. ಜೊಲ್ಲಿನಲ್ಲಿ ಅಮೈಲೇಸ್ ಇದೆ ಎಂಬುದು ಅವರಿಗೆ ಮೊದಲೇ ಗೊತ್ತು. ಅದು ಪ್ರೋಟೀನು, ಲಾಲಾಗ್ರಂಥಿಯ ಕೋಶದೊಳಗೆ ತಯಾರಾಗಿ ಹೊರಗೆ ಬರಬೇಕು, ಹೇಗೆ ಬರುತ್ತದೆ? ನನ್ನ ದುಪ್ಪಟ್ಟಾವನ್ನು ಮೇಜಿನ ಮೇಲೆ ನೆರಿಗೆ ಹಿಡಿದು ಹಾಸಿ, ಒಂದು ತುದಿಯನ್ನು ಚೆಂಡಿನ ಸುತ್ತ ಸುತ್ತಿದೆ. ಚೆಂಡು ಕೋಶಕೇಂದ್ರ, ಬಟ್ಟೆ ಒಂದೇ. ಬಿಂದಿ ಪ್ಯಾಕೆಟ್ ಕೊಟ್ಟು ರೈಬೋಸೋಮ್ ಅಂಟಿಸಿ ಎಂದೆ. ಬಿಂದಿಯ ಒಳ್ಳೆಯ ಗುಣವೆಂದರೆ ಕಿತ್ತು ಮತ್ತೆ ಅಂಟಿಸಬಹುದು, ರೈಬೋಸೋಮ್ ಕೂಡ ಹಾಗೆಯೇ. ಅದು ಕೋಶದ್ರವ್ಯದಲ್ಲಿ ಕೆಲಸ ಆರಂಭಿಸುತ್ತದೆ. ಹುಟ್ಟುತ್ತಿರುವ ಪ್ರೋಟೀನಿನ ತುದಿಯಲ್ಲಿ ಒಂದು ಗುರುತು ಇದ್ದರೆ ಅದನ್ನು ಇ.ಆರ್.ಗೆ ಒಯ್ದು ಸೇರಿಸಲಾಗುತ್ತದೆ, ಕೆಲಸ ಮುಗಿದ ಮೇಲೆ ಬಿಡುತ್ತದೆ. ಈ ಗುರುತಿನ ಸಂಶೋಧನೆಗೆ ಗುಂಟರ್ ಬ್ಲೋಬೆಲ್ ಅವರಿಗೆ 1999ರ ನೊಬೆಲ್ ಬಂತು. ಪ್ರೋಟೀನು ಬಟ್ಟೆಯ ಮೇಲೆ ನಡೆಯುವುದಿಲ್ಲ, ನೆರಿಗೆಯ ಒಳಗೆ ಹೋಗುತ್ತದೆ. ಅಲ್ಲಿ ಸರಿಯಾಗಿ ಮಡಚಿಕೊಂಡ ಮೇಲೆ ಪೊರೆಯ ಚಿಕ್ಕ ಗುಳ್ಳೆಯಲ್ಲಿ ಗಾಲ್ಗಿಗೆ, ಅಲ್ಲಿಂದ ಹೊರಕ್ಕೆ. ಜಾರ್ಜ್ ಪಲಾಡೆ ಮತ್ತು ಜೇಮ್ಸ್ ಜೇಮಿಸನ್ 1967ರಲ್ಲಿ ಗಿನಿಯಿಲಿಯ ಮೇದೋಜೀರಕ ಗ್ರಂಥಿಯಲ್ಲಿ ಇದೇ ದಾರಿಯನ್ನು ವಿಕಿರಣಶೀಲ ಅಮೈನೋ ಆಮ್ಲ ಕೊಟ್ಟು ಹಿಂಬಾಲಿಸಿದ್ದರು: ಮೂರು ನಿಮಿಷಕ್ಕೆ ಬಹುಪಾಲು ಒರಟು ಇ.ಆರ್.ನಲ್ಲಿ, ಆಮೇಲೆ ಗಾಲ್ಗಿ, ಸುಮಾರು ಎರಡು ಗಂಟೆಯ ಹೊತ್ತಿಗೆ ಹೊರಬೀಳಲು ಸಿದ್ಧವಾದ ಕಣಗಳಲ್ಲಿ.

ಇದಕ್ಕೆ ಎರಡು ಅವಧಿ ಹಿಡಿಯಿತು. ಮೈಟೋಕಾಂಡ್ರಿಯವನ್ನು ಹದಿನೈದು ನಿಮಿಷದಲ್ಲಿ ಓಡಿಸಬೇಕಾಯಿತು. ನುಣುಪು ಇ.ಆರ್.ಗೆ ಸಿಕ್ಕಿದ್ದು ಎರಡು ವಾಕ್ಯ: ಲಿಪಿಡ್ ತಯಾರಿಕೆ, ಪಿತ್ತಜನಕಾಂಗದಲ್ಲಿ ಔಷಧ ಮತ್ತು ವಿಷಗಳ ನಿರ್ವಹಣೆ. "ಪರೀಕ್ಷೆಯಲ್ಲಿ ಎರಡು ಕಾರ್ಯ ಬರೆಯಿರಿ ಅಂತ ತಾನೇ ಕೇಳೋದು, ಇಷ್ಟೆಲ್ಲ ಯಾಕೆ?" ಎಂದು ನನ್ನ ಪಾಠ ವೀಕ್ಷಿಸಿದ ಗೆಳತಿ ಕೇಳಿದಳು. ಅವಳ ಮಾತು ಪೂರ್ತಿ ತಪ್ಪಲ್ಲ. ಪಾಠ ಮುಗಿಸುವ ಒತ್ತಡ ನಿಜವಾದದ್ದೇ, ನಾವು ಹೊರಟುಬಂದ ಮೇಲೆ ಅಲ್ಲಿನ ಶಿಕ್ಷಕರೇ ಅದನ್ನು ಹೊರಬೇಕು. ಆದರೆ ಗೆರೆಯನ್ನು ಕೋಶಕೇಂದ್ರಕ್ಕೆ ಸೇರಿಸಿ ಬರೆಯಲು ಹೆಚ್ಚುವರಿ ಒಂದು ನಿಮಿಷವೂ ಬೇಡ. ದುಪ್ಪಟ್ಟಾ ಬೇಡವೆಂದರೆ ಬಿಡಿ, ಗೆರೆಯನ್ನಾದರೂ ಸೇರಿಸಿ.

ಅಂಕವಹಿಗೆ ಮೇಲ್ವಿಚಾರಕರ ಸಹಿ ಆಗಲೇ ಆಗಿತ್ತು. ತಿದ್ದಬೇಕಾದರೆ ಕಾರಣ ಬರೆದು ಮತ್ತೆ ಸಹಿ ಪಡೆಯಬೇಕು. 'ಶಿಕ್ಷಕಿಯ ಮಾದರಿ ಉತ್ತರದಲ್ಲಿ ತಪ್ಪಿತ್ತು' ಎಂದು ಬರೆದುಕೊಟ್ಟೆ. ಅವರು ಓದಿ, ಒಮ್ಮೆ ನನ್ನ ಮುಖ ನೋಡಿ, ಸಹಿ ಮಾಡಿದರು. ತರಗತಿಯಲ್ಲಿ ಚಾರ್ಟಿನ ಬಿಳಿ ಜಾಗಕ್ಕೆ ಸ್ಕೆಚ್ ಪೆನ್ನಿನಿಂದ ಗೆರೆ ಎಳೆಯಲು ಆ ಹುಡುಗಿಯನ್ನೇ ಕರೆದೆ. ಗೆರೆ ಎಳೆದು ಪೆನ್ನಿನ ಮುಚ್ಚಳ ಹಾಕುತ್ತಾ ಕೇಳಿದಳು: "ಹಾಗಾದ್ರೆ ಕೋಶ ಎರಡಾಗುವಾಗ ಈ ಪೊರೆ ಏನಾಗುತ್ತೆ ಮಿಸ್?"

ಈ ಸಲ ಚಾರ್ಟ್ ನೋಡು ಎನ್ನಲಿಲ್ಲ. ಪ್ರಾಣಿಕೋಶ ವಿಭಜನೆಯಾಗುವಾಗ ಕೋಶಕೇಂದ್ರದ ಪೊರೆ ಕಳಚಿ ಇ.ಆರ್.ನೊಳಗೇ ಬೆರೆಯುತ್ತದೆ, ಕೊನೆಯಲ್ಲಿ ಎರಡು ಹೊಸ ಕೋಶಕೇಂದ್ರಗಳ ಸುತ್ತ ಇ.ಆರ್.ನಿಂದಲೇ ಮತ್ತೆ ಕಟ್ಟಿಕೊಳ್ಳುತ್ತದೆ ಎಂದು ಹೇಳುವಷ್ಟರಲ್ಲಿ ಗಂಟೆ ಹೊಡೆಯಿತು.